ಕತ್ತೆಯ ಕೊನೆಯ ಮಾತು

ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಸ್ಫಾಕ್ಸ್ ನಗರದ ಅನಿಮೇಷನ್ ಕಲಾವಿದರ ಸಂಘದ ಅಧ್ಯಕ್ಷೆಯೂ, ಕಾರ್ಯದರ್ಶಿಯೂ, ಜನ ಸಾಲದ್ದರಿಂದ ಖಜಾಂಚಿಯೂ ಆಗಿರುವ ಮದಾಮ್ ದಲೆಂದಾ ಅವರೇ. ಇಂದಿನ ಸನ್ಮಾನಿತರೂ, ನನ್ನ ಗುರುಗಳೂ, ನಾನು ಮೈಕಿನ ಮುಂದೆ ಬಂದ ಕ್ಷಣದಿಂದಲೇ ಕೈಗಡಿಯಾರ ನೋಡುತ್ತಿರುವವರೂ ಆದ ಸೀ ಲಸ್ಸಾದ್ ಜರ್ರಾಯಾ ಅವರೇ. ಮರುಭೂಮಿ ಸಮುದ್ರಗಳನ್ನು ದಾಟಿ ಕೊಲ್ಲಿಯ ನಾಡಿನಿಂದ ಬಂದಿರುವ ಮುಖ್ಯ ಅತಿಥಿ, ಮಕ್ಕಳ ಟಿ.ವಿ. ವಾಹಿನಿಯ ಪ್ರತಿನಿಧಿ ಉಸ್ತಾದ್ ನಾಯೆಫ್ ಅವರೇ. ಎರಡನೆಯ ಸಾಲಿನಲ್ಲಿ ಕುಳಿತು ನನ್ನ ತುಟಿಗಳನ್ನೇ ದಿಟ್ಟಿಸುತ್ತಿರುವ ಕಿವಿ ಕೇಳದ ಮಕ್ಕಳೇ, ಅವರ ಗುರುಗಳಾದ ಮದಾಮ್ ಹಯಾತ್ ಅವರೇ. ಮತ್ತು ಬೆವರಿನಲ್ಲಿ ಮಿಂದು ಪಾವನರಾಗಿರುವ ಸಮಸ್ತ ಸಭಿಕರೇ,

ನನ್ನ ಹೆಸರು ಅನೀಸ್. ಸೀ ಲಸ್ಸಾದರ ಸ್ಟುಡಿಯೋದಲ್ಲಿರುವ ಏಳು ಜನರಲ್ಲಿ ನಾನೇ ಕಿರಿಯವನು. ಆಮಂತ್ರಣ ಪತ್ರಿಕೆಯಲ್ಲಿ ನನಗೆ ಕೊಟ್ಟ ವಿಷಯ, "ಸಣ್ಣ ದೇಶವೊಂದರ ಅನಿಮೇಷನ್ ಉದ್ಯಮದ ಮುಂದಿರುವ ಸವಾಲುಗಳು." ಕೊಟ್ಟ ಸಮಯ ಐದು ನಿಮಿಷ. ಐದು ನಿಮಿಷದಲ್ಲಿ ಮುಗಿಯುವಷ್ಟು ಸಣ್ಣದೇ ನಮ್ಮ ದೇಶ? ಇರಬಹುದು. ಆದರೆ ನಮ್ಮ ಸವಾಲುಗಳು ದೊಡ್ಡ ದೇಶದವು, ಸಭಿಕರೇ. ಆ ಒಂದು ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಮೊದಲನೆಯ ಸವಾಲು ಈಗಲೇ ನಿಮ್ಮ ಬೆನ್ನಿನ ಮೇಲೆ ಇಳಿಯುತ್ತಿದೆ. ಸಭಾಂಗಣದ ಎ.ಸಿ. ಕೆಟ್ಟಿದೆ ಎಂದು ಬಾಗಿಲಲ್ಲಿ ನಿಮಗೆ ಹೇಳಲಾಯಿತು. ಅದು ಸುಳ್ಳು. ಸುಳ್ಳು ಹೇಳಿದವನು ನಾನು. ಎ.ಸಿ. ಭೇಷಾಗಿದೆ. ಆದರೆ ವೇದಿಕೆಯ ಹಿಂದಿನ ಬಣ್ಣದ ಕೋಣೆಯಲ್ಲಿ ನಮ್ಮ ಸ್ಟುಡಿಯೋದ ಕಂಪ್ಯೂಟರುಗಳು ಕೆಲಸ ಮಾಡುತ್ತಿವೆ. ಎ.ಸಿ. ಹಾಕಿದರೆ ಫ್ಯೂಸ್ ಹೋಗುತ್ತದೆ. ನಿನ್ನೆ ಹೋಗಿತ್ತು. ನಿನ್ನೆಯೇ ಮುಗಿಯಬೇಕಿದ್ದ ಕೆಲಸ, ಅದಕ್ಕೇ ಇವತ್ತು ಮಧ್ಯಾಹ್ನ ಮತ್ತೆ ಮೊದಲಿಂದ ಶುರುವಾಯಿತು.

ಅನಿಮೇಷನ್ನಿನಲ್ಲಿ ರೆಂಡರ್ ಎಂಬುದೊಂದಿದೆ, ಬಿಡಿ ಚಿತ್ರಗಳನ್ನು ಕಂಪ್ಯೂಟರ್ ಪೋಣಿಸಿ ಸಿದ್ಧಪಡಿಸುವ ಕೆಲಸ. ತಾಂತ್ರಿಕವಾಗಿ ವಿವರಿಸುವುದು ಕಷ್ಟ; ನಮ್ಮಮ್ಮನ ಭಾಷೆಯಲ್ಲಿ ಹೇಳಿದರೆ ಅದು ಹಬೆಯಲ್ಲಿ ಬೇಯುತ್ತಿರುವ ರವೆಯ ಕುಸ್‌ಕುಸ್. ಬೇಗ ಆಗು ಎಂದರೆ ಆಗುವುದಿಲ್ಲ, ನಡುವೆ ಮುಚ್ಚಳ ತೆಗೆದರೆ ಕೆಟ್ಟಿತು. ಇಂದು ನೀವು ನೋಡಲಿರುವ ಚಿತ್ರದ ಕೊನೆಯ ದೃಶ್ಯ ಈಗ ಆ ಕೋಣೆಯಲ್ಲಿ ಬೇಯುತ್ತಿದೆ. ಪ್ರೊಜೆಕ್ಟರ್ ಕಿಂಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತಿರುವ ಹುಡುಗಿ ನಮ್ಮ ವಸೀಲಾ. ಅವಳು ಕೈಯೆತ್ತುವವರೆಗೆ ನಾನು ಮಾತಾಡುತ್ತಲೇ ಇರಬೇಕೆಂದು ಆಜ್ಞೆಯಾಗಿದೆ. ದೊಡ್ಡ ದೇಶಗಳಲ್ಲಿ ಚಿತ್ರ ಮಾಡುವವರು ಚಿತ್ರ ಮಾಡುತ್ತಾರೆ, ನೋಡುವವರು ನೋಡುತ್ತಾರೆ. ಸಣ್ಣ ದೇಶದಲ್ಲಿ ನೋಡುವವರೂ ಬೆವರು ಸುರಿಸಿ ಚಿತ್ರ ಮುಗಿಸಿಕೊಡಬೇಕಾಗುತ್ತದೆ. ಬಾದಾಮಿ ಶರಬತ್ತು ಇನ್ನೂ ಇದೆ, ಕುಡಿಯಿರಿ. ಸ್ಫಾಕ್ಸ್‌ನವರು ಶರಬತ್ತನ್ನು ಎರಡನೇ ಸಲ ಕುಡಿಯಿರಿ ಎಂದು ಹೇಳುವುದು ಚರಿತ್ರೆಯಲ್ಲಿ ಇದೇ ಮೊದಲು. ಈ ಕ್ಷಣವನ್ನು ನೆನಪಿಟ್ಟುಕೊಳ್ಳಿ.

ಎರಡನೆಯ ಸವಾಲಿಗೆ ಬರುತ್ತೇನೆ. ಅದು ಭಾಷೆ.

ನಮ್ಮ ಓಣಿಯ ಮಕ್ಕಳು ಆಡುವುದನ್ನು ನೀವು ನೋಡಿದ್ದೀರಿ. ಕೈಯಲ್ಲಿ ಕೋಲು ಹಿಡಿದು ಒಬ್ಬ ಇನ್ನೊಬ್ಬನನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಏನೆಂದು ಕೂಗುತ್ತಾನೆ? "ನಿಲ್ಲೆಲೈ ದುರುಳನೇ! ನಿನ್ನ ಅಂತ್ಯಕಾಲವು ಸಮೀಪಿಸಿತು!" ಎನ್ನುತ್ತಾನೆ. ಆರು ವರ್ಷದ ಹುಡುಗ, ಸಭಿಕರೇ, ಮೂಗು ಸುರಿಯುತ್ತಿರುತ್ತದೆ! ಇನ್ನೊಬ್ಬ ತಿರುಗಿ ನಿಂತು, "ಅಸಂಭವ! ನಾನೆಂದಿಗೂ ಶರಣಾಗಲಾರೆ!" ಎನ್ನುತ್ತಾನೆ. ಅಷ್ಟರಲ್ಲಿ ಕಲ್ಲು ಎಡವಿ ಬೀಳುತ್ತಾನೆ, ಮೊಣಕಾಲು ತರಚುತ್ತದೆ. ಆಗ ಏನೆನ್ನುತ್ತಾನೆ? "ಅಯ್ಯಯ್ಯೋ ಅಮ್ಮಾ, ಸತ್ತೇ, ಬಾರೇ!"

ಗೆಲ್ಲುವುದಕ್ಕೆ ಒಂದು ಭಾಷೆ, ಅಳುವುದಕ್ಕೆ ಇನ್ನೊಂದು. ಗೆಲ್ಲುವ ಭಾಷೆಯನ್ನು ಅವರಿಗೆ ಕಾರ್ಟೂನು ಕಲಿಸಿತು. ಪುಸ್ತಕದ ಅರಬ್ಬಿ, ಶುದ್ಧ ಅರಬ್ಬಿ, ಇಪ್ಪತ್ತು ದೇಶದ ಮಕ್ಕಳಿಗೂ ತಿಳಿಯುವ ಅರಬ್ಬಿ. ಅಳುವ ಭಾಷೆ ಮಾತ್ರ ಅಮ್ಮನದು. ಇಲ್ಲಿಯವರೆಗೆ ನಮ್ಮ ದೇಶದ ಯಾವ ಮಗುವೂ ಕಾರ್ಟೂನಿನ ಒಂದು ಇಲಿ, ಒಂದು ಬೆಕ್ಕು, ಒಂದು ಮೋಡ ತನ್ನ ಅಮ್ಮನ ಹಾಗೆ ಮಾತಾಡಿದ್ದನ್ನು ಕೇಳಿಲ್ಲ. ನಾನೂ ಕೇಳಿಲ್ಲ. ನಾನೂ ಈಗ ವೇದಿಕೆಯ ಭಾಷೆಯಲ್ಲೇ ಮಾತಾಡುತ್ತಿದ್ದೇನೆ. ಮನೆಯಲ್ಲಿ ಹೀಗೆ ಮಾತಾಡಿದರೆ ನಮ್ಮಮ್ಮ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಸೀ ಲಸ್ಸಾದ್ ತಮ್ಮ ಪ್ರಾಯದಲ್ಲಿ ಈ ಸವಾಲನ್ನು ಎದುರಿಸಿದರು. ಹೇಗೆ? ಮೊದಲ ಚಿತ್ರವನ್ನು ನಮ್ಮೂರ ಮಾತಿನಲ್ಲೇ ಮಾಡಿದರು. ಹಣ ಕೊಡಬೇಕಾದ ಯುರೋಪಿನವರು ನೋಡಿ, "ಚಿತ್ರ ಚೆನ್ನಾಗಿದೆ, ಮಾತು ಅರ್ಥವಾಗೊಲ್ಲ, ತೆಗೆದುಬಿಡಿ" ಎಂದರು. ಕೊಳ್ಳಬೇಕಾದ ನಮ್ಮ ನೆರೆಯ ನಾಡಿನವರು ನೋಡಿ, "ಚಿತ್ರ ಚೆನ್ನಾಗಿದೆ, ಮಾತು ಬೀದಿಯದು, ಮಕ್ಕಳು ಕೆಡುತ್ತಾರೆ, ತೆಗೆದುಬಿಡಿ" ಎಂದರು. ಸೀ ಲಸ್ಸಾದ್ ತೆಗೆದರು. ಎರಡೂ ಕಡೆಯವರು ಒಪ್ಪಿದ ಭಾಷೆ ಮೌನವೊಂದೇ. ಅಂದಿನಿಂದ ಇಂದಿನವರೆಗೆ, ನಲವತ್ತು ವರ್ಷ, ಸೀ ಲಸ್ಸಾದರ ಚಿತ್ರಗಳಲ್ಲಿ ಒಂದು ಪಾತ್ರವೂ ತುಟಿ ಬಿಚ್ಚಿ ಮಾತಾಡಿಲ್ಲ. ಪ್ಯಾರಿಸ್ಸಿನಲ್ಲಿ ಇದನ್ನು ಕಾವ್ಯಮಯ ಮೌನ ಎಂದರು. ಪ್ರಬಂಧಗಳು ಬಂದವು. ಅದು ಕಾವ್ಯವಲ್ಲ, ಸಭಿಕರೇ, ಅದು ಬಜೆಟ್ಟು.

"ಬಾವಿ" ಎಂಬ ಅವರ ಚಿತ್ರ ನಿಮಗೆಲ್ಲ ಗೊತ್ತು. ಇಂದು ನೋಡಲಿರುವುದೂ ಅದನ್ನೇ, ಧೂಳು ಒರೆಸಿ, ಬಣ್ಣ ತಿದ್ದಿ. ಗೊತ್ತಿಲ್ಲದ ಉಸ್ತಾದ್ ನಾಯೆಫ್ ಅವರಿಗಾಗಿ ಎರಡು ಮಾತು. ಒಂದು ಬಾವಿ. ಬಾವಿಯ ಮುಂದೆ ಒಂದು ಇಳಿಜಾರು. ಕತ್ತೆಯ ಕೊರಳಿಗೆ ಹಗ್ಗ, ಹಗ್ಗದ ತುದಿಗೆ ಚರ್ಮದ ಚೀಲ. ಕತ್ತೆ ಇಳಿಜಾರು ಇಳಿದರೆ ನೀರು ಮೇಲೆ ಬರುತ್ತದೆ, ಹತ್ತಿದರೆ ಚೀಲ ಕೆಳಗೆ ಹೋಗುತ್ತದೆ. ಹಿಂದೆ ಒಬ್ಬ ಮುದುಕ. ಬೆಳಗ್ಗೆಯಿಂದ ಸಂಜೆ, ಚಳಿಯಿಂದ ಬೇಸಿಗೆ, ಇಳಿ, ಹತ್ತು. ಕೊನೆಗೊಂದು ಬೆಳಗ್ಗೆ ಮುದುಕ ಬರುವುದಿಲ್ಲ. ಕತ್ತೆ ಕಾಯುತ್ತದೆ. ಆಮೇಲೆ ಯಾರೂ ಹೊಡೆಯದೆ, ಯಾರೂ ಕರೆಯದೆ ತಾನೇ ಇಳಿಜಾರು ಇಳಿಯುತ್ತದೆ. ನೀರು ಮೇಲೆ ಬರುತ್ತದೆ, ತೋಟಕ್ಕೆ ಹರಿಯುತ್ತದೆ. ಅಷ್ಟೇ. ಕತ್ತೆಗೊಂದು ಹೆಸರೂ ಇಲ್ಲ. ಚಿತ್ರದ ತುಂಬ ಕತ್ತೆ ಏನೋ ಮೆಲುಕು ಹಾಕುತ್ತಿರುತ್ತದೆ. ಹಾಗಂತ ನಾವೆಲ್ಲ ತಿಳಿದಿದ್ದೆವು. ಕತ್ತೆ ಮೆಲುಕು ಹಾಕುವ ಪ್ರಾಣಿಯಲ್ಲ ಎಂಬುದು ನಲವತ್ತು ವರ್ಷದಲ್ಲಿ ಒಬ್ಬ ವಿಮರ್ಶಕನಿಗೂ ಹೊಳೆಯಲಿಲ್ಲ. ವಿಮರ್ಶಕರೂ ಕತ್ತೆಗಳೂ ಪರಸ್ಪರ ಹೆಚ್ಚು ಬಲ್ಲವರು ಎಂಬ ನನ್ನ ನಂಬಿಕೆ ಹೀಗೆ ಹೋಯಿತು.

ಈಗ ಮೂರನೆಯ ಸವಾಲು. ಅಥವಾ ಇದು ಇನ್ನೂ ಎರಡನೆಯದೇ ಇರಬಹುದು. ಮದಾಮ್ ದಲೆಂದಾ ಚೀಟಿ ಕಳಿಸಬೇಡಿ, ಮುಗಿಸುತ್ತೇನೆ.

ಪ್ರತಿ ಚಳಿಗಾಲ ನಮ್ಮ ಸ್ಟುಡಿಯೋದವರು ಮದಾಮ್ ಹಯಾತ್ ಅವರ ಶಾಲೆಗೆ ಹೋಗಿ ಚಿತ್ರ ತೋರಿಸುವ ಪದ್ಧತಿಯಿದೆ. ನಮ್ಮ ಚಿತ್ರಗಳಿಗೆ ಶಬ್ದವಿಲ್ಲ, ಆ ಮಕ್ಕಳಿಗೆ ಶಬ್ದ ಬೇಕಿಲ್ಲ, ಸ್ಪೀಕರಿನ ಬಾಡಿಗೆ ಉಳಿಯಿತು. ಇಂಥ ಉಪಾಯ ಸ್ಫಾಕ್ಸ್‌ನವರಿಗಲ್ಲದೆ ಯಾರಿಗೆ ಹೊಳೆದೀತು? ಕಳೆದ ಚಳಿಗಾಲ ಆ ಕೆಲಸ ನನ್ನ ಪಾಲಿಗೆ ಬಂತು. "ಬಾವಿ" ಹಾಕಿದೆ. ಹಿಂದೆ ನಿಂತು ಕಡಲೆ ತಿನ್ನುತ್ತಿದ್ದೆ.

ಮಕ್ಕಳು ನಕ್ಕರು.

ನಗುವ ಜಾಗ ಅದಲ್ಲ. ಕತ್ತೆ ಸುಮ್ಮನೆ ಇಳಿಜಾರು ಇಳಿಯುತ್ತಿತ್ತು. ಆ ದೃಶ್ಯದ ಬಗ್ಗೆ ಯುರೋಪಿನ ದೊಡ್ಡ ವಿದ್ವಾಂಸರೊಬ್ಬರು "ಬಾಯಿ ಕಟ್ಟಿದ ಜನಾಂಗವೊಂದರ ಅಸ್ತಿತ್ವದ ಯಾತನೆ" ಎಂದು ಬರೆದಿದ್ದರು. ಅಸ್ತಿತ್ವದ ಯಾತನೆಗೆ ಈ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿವೆ! ಸ್ವಲ್ಪ ಹೊತ್ತಿಗೆ ಮತ್ತೆ ನಗು. ಆಮೇಲೊಮ್ಮೆ ಎಲ್ಲವೂ ಒಟ್ಟಿಗೆ ಸುಮ್ಮನಾದವು, ಒಂದು ಮಗು ಕಣ್ಣೊರೆಸಿಕೊಂಡಿತು. ಅಲ್ಲೂ ಕತ್ತೆ ಸುಮ್ಮನೆ ನಿಂತಿತ್ತು ಅಷ್ಟೇ.

ಪ್ರೊಜೆಕ್ಟರಿಗೆ ಏನೋ ಆಗಿದೆ ಎಂದುಕೊಂಡೆ. ಮುಗಿದ ಮೇಲೆ ಮುಂದಿನ ಸಾಲಿನ ಹುಡುಗಿಯ ಹತ್ತಿರ ಹೋದೆ. ಇಲ್ಲೇ ಕೂತಿದ್ದಾಳೆ, ಇಬ್ತಿಸಾಮ್, ಹಸಿರು ರಿಬ್ಬನ್ನಿನವಳು. ಮದಾಮ್ ಹಯಾತ್ ನನ್ನ ಮಾತನ್ನು ಅವಳ ಕೈಗೆ, ಅವಳ ಕೈಯನ್ನು ನನ್ನ ಕಿವಿಗೆ ದಾಟಿಸಿದರು.

"ಯಾಕಮ್ಮಾ ಅಷ್ಟು ನಗು ಬಂತು?" ಅಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. ಕೈ ಆಡಿಸಿದಳು. ಮದಾಮ್ ಹಯಾತ್ ಹೇಳಿದರು: "ಅವಳು ಕೇಳ್ತಿದಾಳೆ, ಕತ್ತೆ ಹೇಳಿದ್ದು ನಿಮಗೆ ಕೇಳಿಸ್ಲಿಲ್ವಾ ಅಂತ."

ಸಭಿಕರೇ, ನಾನು ತಮಾಷೆಯವನು, ಅದು ಇಡೀ ಊರಿಗೆ ಗೊತ್ತು. ಮದಾಮ್ ದಲೆಂದಾ ಅವರ ಕುರ್ಚಿಯ ಕೆಳಗೆ ಹಿಂದೊಮ್ಮೆ ಆಮೆ ಬಿಟ್ಟವನೂ ನಾನೇ. ಆದರೆ ಆವತ್ತು ಆ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. ಎರಡು ಒಳ್ಳೆಯ ಕಿವಿ ಇಟ್ಟುಕೊಂಡು ಆ ಶಾಲೆಯಂಗಳದಲ್ಲಿ ನಿಂತಿದ್ದೆ.

"ಏನು ಹೇಳ್ತು ಕತ್ತೆ?" ಅಂದೆ.

"'ರಾತ್ರಿ ಹಾಕಿದ ಬಾರ್ಲಿ ಮುಗ್ಗಲು ಹಿಡಿದಿತ್ತು ಕಣಯ್ಯಾ. ಹೊಟ್ಟೆ ಗುಡುಗುಡು ಅಂತಿದೆ. ನನ್ನ ಹಿಂದೆ ಮಾತ್ರ ನಿಂತ್ಕೋಬೇಡ, ಆಮೇಲೆ ಹೇಳಲಿಲ್ಲ ಅನ್ನಬೇಡ' ಅಂತು."

ಅಸ್ತಿತ್ವದ ಯಾತನೆಯಲ್ಲ. ಅಜೀರ್ಣ!

ನಾನು ಓಡಿದೆ. ಕಡಲೆ ಅಲ್ಲೇ ಬಿಟ್ಟು ಓಡಿದೆ. ಸ್ಟುಡಿಯೋಕ್ಕೆ ಬಂದು ಮೂಲ ಚಿತ್ರದ ಹಾಳೆಗಳನ್ನು ತೆಗೆದು ವಸೀಲಾಳ ಮುಂದೆ ಹರಡಿದೆ. ಅನಿಮೇಷನ್ನಿನ ಮೊದಲ ಪಾಠವೇ ಬಾಯಿ. ತುಟಿ ಕೂಡುವ ಅಕ್ಷರಕ್ಕೊಂದು ಚಿತ್ರ, ಬಾಯಿ ತೆರೆಯುವುದಕ್ಕೊಂದು, ದುಂಡಗಾಗುವುದಕ್ಕೊಂದು. ಇಬ್ತಿಸಾಮ್ ಹೇಳಿದ ವಾಕ್ಯವನ್ನು ವಸೀಲಾ ನಿಧಾನವಾಗಿ, ನಮ್ಮೂರ ಮಾತಿನಲ್ಲಿ, ಹಾಳೆ ತಿರುವುತ್ತ ಹೇಳಿದಳು. ತುಟಿ ಕೂಡಬೇಕಾದಲ್ಲಿ ಕತ್ತೆಯ ತುಟಿ ಕೂಡಿತು. ತೆರೆಯಬೇಕಾದಲ್ಲಿ ತೆರೆಯಿತು. ನಮ್ಮ ಊರಿನವರು ಕೊನೆಯ ಅಕ್ಷರವನ್ನು ಸುಮ್ಮನೆ ಎಳೆಯುತ್ತೇವಲ್ಲ, ರಾಜಧಾನಿಯವರು ನಮ್ಮನ್ನು ಆಡಿಕೊಳ್ಳುವುದು ಅದಕ್ಕೇ ಅಲ್ಲವೇ, ಅಲ್ಲಿ ಕತ್ತೆಯೂ ಎಳೆಯಿತು! ವಸೀಲಾ ಹಾಳೆ ಕೆಳಗಿಟ್ಟಳು. "ಅನೀಸ್, ಇದು ಮಾತಾಡ್ತಿದೆ ಕಣೋ. ಇಷ್ಟು ವರ್ಷದಿಂದ ಮಾತಾಡ್ತಾನೇ ಇದೆ" ಅಂದಳು.

ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ. ಒಂದೊಂದನ್ನೂ ಪೆನ್ಸಿಲಿನಲ್ಲಿ ಬರೆಯಬೇಕು. ಯಾರಿಗೂ ಕೇಳಿಸದ ಮಾತಿಗೆ, ಯಾರೂ ಎಂದೂ ಕೇಳುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದ ಮಾತಿಗೆ, ಈ ಮನುಷ್ಯ ನಲವತ್ತು ವರ್ಷ ಬಾಯಿ ಬರೆದಿದ್ದಾರೆ. ಕತ್ತೆಗೆ ಮಾತ್ರವಲ್ಲ. ಕೆರ್ಕೆನ್ನಾ ದ್ವೀಪದ ಚಿತ್ರದ ಆ ಮೀನಿಗೂ, ಆಲಿವ್ ಮರದ ಮೇಲಿನ ಗುಬ್ಬಿಗೂ. ಗುಬ್ಬಿಗೆ ಕೊಕ್ಕು, ಸಭಿಕರೇ! ಕೊಕ್ಕಿನಲ್ಲಿ ನಮ್ಮೂರ ಮಾತು!

ಇಬ್ಬರೂ ಅವರ ಕೋಣೆಗೆ ಹೋದೆವು. ಪೆನ್ಸಿಲ್ ಹೆರೆಯುತ್ತ ಕೂತಿದ್ದರು.

"ಸೀ ಲಸ್ಸಾದ್, ಕತ್ತೆ ಮಾತಾಡುತ್ತಂತೆ?" ಅಂದೆ.

ತಲೆ ಎತ್ತಲಿಲ್ಲ. "ಯಾರು ಹೇಳಿದ್ದು?"

"ಹಯಾತ್ ಮೇಡಂ ಶಾಲೆ ಮಕ್ಕಳು."

"ಹ್ಞೂಂ. ಯಾರಾದ್ರೂ ಒಬ್ರು ಹಿಡೀತಾರೆ ಅಂದ್ಕೊಂಡಿದ್ದೆ. ಇಷ್ಟು ತಡ ಆಗುತ್ತೆ ಅಂದ್ಕೊಂಡಿರಲಿಲ್ಲ."

"ಮಾತೆಲ್ಲ ತೆಗೆದುಬಿಡಿ ಅಂದಿದ್ರಲ್ಲ ಅವರು?"

"ಶಬ್ದ ತೆಗೀರಿ ಅಂದ್ರು. ತೆಗೆದೆ. ಬಾಯಿ ಯಾರಪ್ಪನ ಗಂಟು?"

"ಆದ್ರೂ ಯಾಕೆ ಇಷ್ಟು ಕಷ್ಟ? ಸುಮ್ನೆ ಅಗೀತಾ ಇರೋ ಹಾಗೆ ಬರೆದಿದ್ರೆ ಆಗ್ತಿತ್ತಲ್ಲ."

ಆಗ ತಲೆ ಎತ್ತಿದರು. "ಮಾತಿಲ್ದೆ ಬಾಯಿ ಆಡ್ಸೋಕೆ ನಂಗೆ ಬರಲ್ಲ ಮಗಾ. ಅದೇನಿದ್ರೂ ನಿನಗೆ ಬರುತ್ತೆ. ಹೋಗು, ಟೀ ಮಾಡ್ಕೊಂಡ್ ಬಾ."

ಅಂದಿನಿಂದ ವಾರಕ್ಕೊಂದು ಮಧ್ಯಾಹ್ನ ಆ ಮಕ್ಕಳು ಸ್ಟುಡಿಯೋಕ್ಕೆ ಬಂದರು. ಪರದೆಯ ಮುಂದೆ ಕೂತು ಕತ್ತೆಯ ಮಾತನ್ನು ಓದಿದರು. ಅವರೊಳಗೇ ಜಗಳ, "ಹಾಗಲ್ಲ ಹೀಗೆ" ಎಂದು ಬೆರಳುಗಳ ಕುಸ್ತಿ. ಒಂದೊಂದು ವಾಕ್ಯಕ್ಕೆ ಪಾರ್ಲಿಮೆಂಟಿನಷ್ಟು ಚರ್ಚೆ, ಪಾರ್ಲಿಮೆಂಟಿಗಿಂತ ಹೆಚ್ಚು ಫಲ. ಮದಾಮ್ ಹಯಾತ್ ಹೇಳಿದರು, ವಸೀಲಾ ಬರೆದುಕೊಂಡಳು. ಕಿವಿಯಿರುವ ಇಡೀ ದೇಶಕ್ಕೆ ಮೂಕವಾಗಿದ್ದ ಚಿತ್ರವನ್ನು ಕಿವಿ ಕೇಳದ ಒಂಬತ್ತು ಮಕ್ಕಳು ನಮಗೆ ಕೇಳಿಸಿದರು. ಇದನ್ನು ಯಾವ ಸವಾಲಿನ ಕೆಳಗೆ ಸೇರಿಸಬೇಕೋ ನನಗೆ ತಿಳಿಯದು. ಉದ್ಯಮ ಎಂಬ ಪದದಲ್ಲಿ ಇದು ಹಿಡಿಸುವುದಿಲ್ಲ.

ಎಲ್ಲವನ್ನೂ ಓದಿದರು, ಒಂದನ್ನು ಬಿಟ್ಟು. ಕೊನೆಯ ದೃಶ್ಯ.

ಕೊನೆಯ ದೃಶ್ಯದಲ್ಲಿ, ಮುದುಕ ಬಾರದ ಆ ಬೆಳಗ್ಗೆ, ಇಳಿಜಾರು ಇಳಿಯುವ ಮೊದಲು ಕತ್ತೆ ಏನೋ ಹೇಳುತ್ತದೆ. ಅದು ಖಂಡಿತ. ಕಿವಿ ಅಲುಗುತ್ತದೆ, ದವಡೆಯ ಮೂಳೆ ಮೇಲೆ ಕೆಳಗೆ ಆಗುತ್ತದೆ, ಒಂದು ಉದ್ದ ವಾಕ್ಯ, ಒಂದು ತಡೆ, ಆಮೇಲೆ ಒಂದು ಸಣ್ಣ ಮಾತು. ಆದರೆ ಕತ್ತೆ ನಮಗೆ ಬೆನ್ನು ಹಾಕಿ ನಿಂತಿದೆ. ಬಾಯಿ ಕಾಣುವುದಿಲ್ಲ. ಇಬ್ತಿಸಾಮ್ ಪರದೆಯ ಪಕ್ಕಕ್ಕೆ ಹೋಗಿ ಗೋಡೆಗೆ ಕೆನ್ನೆ ಒತ್ತಿ ಇಣುಕಿದಳು, ಅಲ್ಲಿಂದಾದರೂ ಕತ್ತೆಯ ಮುಖ ಕಂಡೀತೇನೋ ಎಂದು. ನಾನು ನಗಲಿಲ್ಲ. ನಾನೂ ಇಣುಕಿದೆ.

"ಏನು ಹೇಳುತ್ತೆ ಅದು?" ಎಂದು ಸೀ ಲಸ್ಸಾದರನ್ನು ಕೇಳಿದೆವು.

"ಅದು ನಂಗೂ ಕತ್ತೆಗೂ ಇರೋ ಮಾತು."

"ಕತ್ತೆ ದನಿ ನೀವೇ ಕೊಡಿ. ಸ್ಟುಡಿಯೋ ಬಾಡಿಗೆಗೆ ಹಿಡೀತೀವಿ."

"ಗಾಜಿನ ಪೆಟ್ಟಿಗೇಲಿ ಕೂರ್ಸಿ ಮಾತಾಡು ಅಂದ್ರೆ ಕತ್ತೇನೂ ಮಾತಾಡಲ್ಲ."

ಹೀಗೆ ತಳ್ಳಿಹಾಕಿದರು. ನಟರೊಬ್ಬರಿಂದ ಮಾಡಿಸೋಣವೆಂದರೆ ಕೊನೆಯ ಮಾತೇ ಗೊತ್ತಿಲ್ಲ.

ನಮ್ಮ ಮನೆಯಲ್ಲೂ ಇಂಥದ್ದೊಂದು ಇದೆ. ಹೇಳಬೇಕೆಂದು ಬಂದದ್ದಲ್ಲ, ಆದರೆ ವಸೀಲಾ ಇನ್ನೂ ಕೈಯೆತ್ತಿಲ್ಲ. ನಮ್ಮಪ್ಪ ಯುರೋಪಿನ ಲಿಯೋನ್ ನಗರದಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಭಾನುವಾರ ವಿಡಿಯೋ ಕರೆ ಮಾಡುತ್ತಿದ್ದ. ಆಗಿನ ನಮ್ಮ ಇಂಟರ್ನೆಟ್ಟು, ನಿಮಗೆ ಗೊತ್ತಲ್ಲ, ಮುಖ ಬಂದರೆ ದನಿ ಬರುತ್ತಿರಲಿಲ್ಲ. ಅಪ್ಪನ ಬಾಯಿ ಆಡುತ್ತಿತ್ತು, ಅಷ್ಟೇ. ಅಮ್ಮ ತುಟಿ ನೋಡಿಯೇ ಉತ್ತರ ಕೊಡುತ್ತಿದ್ದಳು: "ಹ್ಞೂಂ, ತಿಂದೆ. ಅನೀಸ್ ಶಾಲೆಗೆ ಹೋಗ್ತಾನೆ. ಇಲ್ಲ, ಬಾಗಿಲು ರಿಪೇರಿ ಆಗಿಲ್ಲ." ಸರಿಯೋ ತಪ್ಪೋ, ಸಂಸಾರ ಹಾಗೇ ನಡೆಯಿತು. ಕೊನೆಯ ಭಾನುವಾರವೂ ದನಿ ಬರಲಿಲ್ಲ. ಕರೆ ಕಡಿಯುವ ಮೊದಲು ಅಪ್ಪ ಒಂದು ಉದ್ದ ಮಾತು ಹೇಳಿ, ತಡೆದು, ಒಂದು ಸಣ್ಣ ಮಾತು ಹೇಳಿದ. "ತಾರಸಿ ಬಾಗಿಲು ಹಾಕ್ಕೊಳ್ಳಿ ಅಂದ್ರು" ಎನ್ನುತ್ತಾಳೆ ಅಮ್ಮ. ಇಂದಿಗೂ ಅದನ್ನೇ ಹೇಳುತ್ತಾಳೆ. ನಾನು ಪಕ್ಕದಲ್ಲೇ ಇದ್ದೆ, ಚಡ್ಡಿ ಹಾಕಿಕೊಂಡು ಕುಣಿಯುತ್ತಿದ್ದೆ, ನೋಡಲಿಲ್ಲ. ಮುಂದಿನ ವಾರ ಬಂದದ್ದು ಕರೆಯಲ್ಲ, ಅಪ್ಪ ಮಲಗಿದ್ದ ಪೆಟ್ಟಿಗೆ.

ಇರಲಿ. ಇದು ಅನಿಮೇಷನ್ ಉದ್ಯಮದ ಸವಾಲಲ್ಲ. ಶರಬತ್ತು ಕುಡಿಯಿರಿ.

ಉಸ್ತಾದ್ ನಾಯೆಫ್ ಅವರೇ, ಈಗ ನಿಮ್ಮ ಸರದಿ. ನೀವು ಸೀ ಲಸ್ಸಾದರ ಎಲ್ಲ ಚಿತ್ರಗಳನ್ನೂ ಕೊಳ್ಳಲು ಬಂದಿದ್ದೀರಿ. ಕೊಂಡರೆ ನಮ್ಮ ಸ್ಟುಡಿಯೋದ ಬಾಗಿಲು ತೆರೆದಿರುತ್ತದೆ, ಇಲ್ಲವಾದರೆ ಹಬ್ಬದ ಮೊದಲೇ ಮುಚ್ಚುತ್ತದೆ. ಇದು ಇಲ್ಲಿರುವ ಎಲ್ಲರಿಗೂ ಗೊತ್ತು, ಊರು ಸಣ್ಣದು. ನಿಮ್ಮ ಷರತ್ತು ಒಂದೇ: ಕತ್ತೆ ಶುದ್ಧ ಅರಬ್ಬಿಯಲ್ಲಿ ಮಾತಾಡಬೇಕು. ಷರತ್ತು ಅನ್ಯಾಯದ್ದೆಂದು ನಾನು ಹೇಳಲಾರೆ. ನಿಮ್ಮ ಮಕ್ಕಳಿಗೆ ನಮ್ಮೂರ ಕತ್ತೆಯ ಮಾತು ತಿಳಿಯುವುದು ಹೇಗೆ? ನಿಮ್ಮ ಸಂಭಾಷಣೆಕಾರರು ಕೊನೆಯ ದೃಶ್ಯಕ್ಕೂ ಮಾತು ಬರೆದು ಕಳಿಸಿದ್ದಾರೆ. ಓದುತ್ತೇನೆ: "ಓ ನನ್ನ ಒಡೆಯನೇ! ನಿನ್ನ ವಿಯೋಗದ ಅಗ್ನಿಯು ನನ್ನ ಹೃದಯವನ್ನು ದಹಿಸುತ್ತಿರುವುದು!" ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೆ ಮುಗ್ಗಲು ಬಾರ್ಲಿಯ ಬಗ್ಗೆ ಜಗಳವಾಡಿದ ಕತ್ತೆ ಇದು, ಉಸ್ತಾದ್. ಅದರ ಬಾಯಿಗೆ ಅಗ್ನಿ ಹೋಗುವುದಿಲ್ಲ.

ನಿಮ್ಮ ವಿಮಾನ ಇಂದು ರಾತ್ರಿಯೇ ಇದೆ. ಚಿತ್ರ ಮುಗಿದ ಮೇಲೆ ರುಜು. ರುಜು ಹಾಕುವುದಾಗಿ ಸೀ ಲಸ್ಸಾದ್ ಮಾತು ಕೊಟ್ಟಿದ್ದಾರೆ. ನಮ್ಮ ಏಳು ಜನರ ಅಡುಗೆಮನೆಗಳನ್ನು ನೆನೆದು ಕೊಟ್ಟಿದ್ದಾರೆ, ಅದೂ ನಮಗೆ ಗೊತ್ತು. ನಾಳೆಯಿಂದ ಇಪ್ಪತ್ತು ದೇಶದ ಮಕ್ಕಳಿಗೆ ಕತ್ತೆಯ ಕೊನೆಯ ಮಾತು ಎಂದರೆ ಆ ವಿಯೋಗದ ಅಗ್ನಿಯೇ. ಅದಕ್ಕೇ ಬೇಡಿಕೊಳ್ಳುತ್ತೇನೆ: ಅದಕ್ಕೂ ಮೊದಲು ಹನ್ನೆರಡು ನಿಮಿಷ, ಒಂದೇ ಒಂದು ಸಲ, ಕತ್ತೆಯ ಸ್ವಂತ ದನಿ ಕೇಳಿ. ಆಮೇಲೆ ನಿಮಗೆ ತೋಚಿದ್ದನ್ನು ಮಾಡಿ.

ಸ್ವಂತ ದನಿ ಎಲ್ಲಿಂದ ಬಂತು ಎನ್ನುತ್ತೀರಾ? ನಾಲ್ಕನೆಯ ಸವಾಲು ಅದೇ.

ಸೀ ಲಸ್ಸಾದರ ಪಕ್ಕ ಕೂತು ಅವರದೇ ಚಿತ್ರ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಕತ್ತಲಲ್ಲಿ ಅವರು ತಮ್ಮಷ್ಟಕ್ಕೇ ಗೊಣಗುತ್ತಿರುತ್ತಾರೆ. ಪ್ರಾರ್ಥನೆ ಎಂದುಕೊಂಡು ನಾವು ಗೌರವದಿಂದ ದೂರ ಸರಿದು ಕೂರುತ್ತಿದ್ದೆವು. ಪ್ರಾರ್ಥನೆಯಲ್ಲ, ಸಭಿಕರೇ. ಕತ್ತೆಯ ಮಾತು. ತಮಗೆ ಗೊತ್ತೇ ಇಲ್ಲದೆ ಹೇಳುತ್ತಾರೆ, ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ.

ಗುರುಗಳೇ, ಸನ್ಮಾನದ ಹೊತ್ತಿನಲ್ಲಿ ಮದಾಮ್ ದಲೆಂದಾ ನಮ್ಮೂರ ಗಂಡಸರ ಪದ್ಧತಿಯಂತೆ ನಿಮ್ಮ ಬಲಗಿವಿಯ ಮೇಲೆ ಮಲ್ಲಿಗೆಯ ಗೊಂಚಲೊಂದನ್ನು ಸಿಕ್ಕಿಸಿದರಲ್ಲ, ಅದನ್ನು ಕಟ್ಟಿದವನು ನಾನು. ಎಂದಿನ ಗೊಂಚಲಿಗಿಂತ ಸ್ವಲ್ಪ ದಪ್ಪಗಿದೆಯೆಂದು ನಿಮಗೆ ಅನ್ನಿಸಿರಬೇಕು. ಮೊಗ್ಗುಗಳ ನಡುವೆ ಒಂದು ಮೈಕಿದೆ. ಬೇಡ, ಏಳಬೇಡಿ! ಬೈಯಿರಿ, ಆದರೆ ಕೂತು ಬೈಯಿರಿ. ಈವರೆಗೆ ಅದು ವಸೀಲಾಳ ಕಿವಿಗೆ ಮಾತ್ರ ಕೇಳಿಸುತ್ತಿದೆ. ನನ್ನ ಭಾಷಣದ ಗಂಭೀರ ಭಾಗಗಳಲ್ಲಿ ಅವಳು ಕಿಂಡಿಯಲ್ಲಿ ಬಗ್ಗಿ ಬಗ್ಗಿ ನಗುತ್ತಿದ್ದಳಲ್ಲ, ಯಾಕೆಂದು ಈಗ ಎಲ್ಲರಿಗೂ ತಿಳಿದಿರಬೇಕು. ನೀವು ನನ್ನ ಬಗ್ಗೆ ಏನೇನು ಗೊಣಗಿದಿರೋ ಅದು ಅವಳಿಗೂ ದೇವರಿಗೂ ಗೊತ್ತು.

ತುಂಟಾಟ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ತುಂಟಾಟವಲ್ಲ.

ಕದ್ದು ಕೇಳುವುದು ನಮಗೆ ಬೇಡ. ಅದಕ್ಕೇ ದೀಪವಿರುವಾಗಲೇ, ಎಲ್ಲರೆದುರೇ ಹೇಳುತ್ತಿದ್ದೇನೆ. ನಿಮಗೆ ಇಷ್ಟವಿಲ್ಲವೆಂದರೆ ಆ ಹೂವನ್ನು ತೆಗೆದು ನನ್ನ ಕೈಗೆ ಕೊಡಿ. ನಲವತ್ತು ವರ್ಷ ನೋಡಿದ ಹಾಗೆ ಇವತ್ತೂ ಮೂಕಚಿತ್ರ ನೋಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ರುಜು ಆಗುತ್ತದೆ, ಮನೆಗೆ ಹೋಗುತ್ತೇವೆ. ಆ ಮಾತು ನಿಮಗೂ ಕತ್ತೆಗೂ ಸೇರಿದ್ದು, ಯಾರೂ ಕೇಳುವುದಿಲ್ಲ. ಇಷ್ಟವಿದ್ದರೆ ಏನೂ ಮಾಡಬೇಕಿಲ್ಲ. ಹೂವು ಅಲ್ಲೇ ಇರಲಿ. ಎಂದಿನ ಹಾಗೆ ಚಿತ್ರ ನೋಡಿ. ಮಕ್ಕಳ ಕಡೆಗೆ ಓರೆಯಾಗಿ ಹಾಕಿರುವ ನಿಮ್ಮ ಕುರ್ಚಿಯ ಬಳಿ ಇರುವ ಆ ಸಣ್ಣ ದೀಪ ಮಾತ್ರ ಆರುವುದಿಲ್ಲ. ಅದನ್ನು ಕೇಳಿಕೊಂಡವಳು ಇಬ್ತಿಸಾಮ್. ಕೊನೆಯ ದೃಶ್ಯದಲ್ಲಿ ಕತ್ತೆ ಬೆನ್ನು ಹಾಕುತ್ತದೆ, ಆಗ ನಾವು ಕಿವಿ ಇರುವವರು ಸ್ಪೀಕರಿನಿಂದ ಕೇಳುತ್ತೇವೆ, ಅವಳೇನು ಮಾಡಬೇಕು? ಅವಳಿಗೆ ನಿಮ್ಮ ತುಟಿ ಕಾಣಬೇಕಂತೆ. ಇಷ್ಟು ದಿನ ನಮಗೆ ಕೇಳಿಸಿದವಳು ಅವಳು. ಕೊನೆಯ ಮಾತು ಅವಳಿಗೆ ತಪ್ಪಿದರೆ ಅದು ನ್ಯಾಯವೇ?

ಅದೋ! ವಸೀಲಾ ಕೈಯೆತ್ತಿದ್ದಾಳೆ. ಕುಸ್‌ಕುಸ್ ಬೆಂದಿದೆ, ಸಭಿಕರೇ! ಕಂಪ್ಯೂಟರ್ ಆರಿಸಿ, ಎ.ಸಿ. ಹಾಕಿ! ಬೇಡ ಬೇಡ, ಎ.ಸಿ.ಯ ಸದ್ದು ಬೇಡ. ಇನ್ನು ಹನ್ನೆರಡು ನಿಮಿಷ ಬೆವರೋಣ.

ಅಧ್ಯಕ್ಷರಿಗೆ, ಆಮೆಯನ್ನು ಕ್ಷಮಿಸಿದ್ದಕ್ಕೂ ಸೇರಿಸಿ, ವಂದನೆ. ವಿಮಾನವನ್ನು ಮರೆತು ಕೂತಿರುವ ಮುಖ್ಯ ಅತಿಥಿಗಳಿಗೆ ವಂದನೆ. ಒಂಬತ್ತು ಮಕ್ಕಳಿಗೆ, ಅವರ ಬೆರಳುಗಳಿಗೆ, ಮದಾಮ್ ಹಯಾತರಿಗೆ ವಂದನೆ. ಸಣ್ಣ ದೇಶದ ಉಳಿದ ಸವಾಲುಗಳಿಗೂ ವಂದನೆ, ಅವು ಎಲ್ಲಿಗೂ ಹೋಗುವುದಿಲ್ಲ, ನಾಳೆ ಬೆಳಗ್ಗೆ ನಾವು ಬರುವ ಮೊದಲೇ ಸ್ಟುಡಿಯೋ ಬಾಗಿಲಲ್ಲಿ ನಿಂತಿರುತ್ತವೆ.

ಗುರುಗಳು ಕಿವಿಯ ಮೇಲಿನ ಹೂವಿಗೆ ಕೈ ಹಾಕಿದ್ದಾರೆ.

ತೆಗೆದರು.

ಸಭಿಕರೇ, ದಯವಿಟ್ಟು ನಿಟ್ಟುಸಿರು ಬಿಡಬೇಡಿ, ಅದು ಅವರ ಹಕ್ಕು. ನಾನೇ ಕೆಳಗಿಳಿದು ಬಂದು ಹೂವು ತೆಗೆದುಕೊಳ್ಳುತ್ತೇನೆ, ಗುರುಗಳೇ, ನೀವು... ಇಲ್ಲ. ಮೂಸಿ ನೋಡುತ್ತಿದ್ದಾರೆ. ವಸೀಲಾ, ಸ್ಪೀಕರ್ ಹಾಕು. ಹಾಕೇ ಬೇಗ! ಹೂವನ್ನು ಬಾಯಿಯ ಹತ್ತಿರ ಹಿಡಿದಿದ್ದಾರೆ.

ಕೇಳಿಸಿತೇ? ಹಿಂದಿನ ಸಾಲಿನವರಿಗೆ ಕೇಳಿಸಿತೇ? ಕೇಳಿಸದವರಿಗಾಗಿ, ಈ ಸಭೆಯಲ್ಲಿ ನನ್ನ ಕೊನೆಯ ಕರ್ತವ್ಯವೆಂದು ತಿಳಿದು, ಗುರುಗಳ ಮಾತನ್ನು ಅಕ್ಷರ ಬಿಡದೆ ಒಪ್ಪಿಸುತ್ತೇನೆ: "ಮೊದ್ಲು ನೀನು ಬಾಯಿ ಮುಚ್ಚು ಮಗಾ. ಕತ್ತೆ ಮಾತಾಡ್ಬೇಕು."

ಮುಚ್ಚಿದೆ. ದೀಪ ಆರಿಸಿ. ನಮಸ್ಕಾರ.